ಕರೆಯೂ ಕೃತಿಯೂ: ಕಾರ್ಯಾಹ್ವಾನದ ಮಾತನ್ನು ಕುರಿತು ಒಂದು ವಿವೇಚನೆ

ಪೀಠಿಕೆ

ಓದಿದವರನ್ನು ಅಥವಾ ಕೇಳಿದವರನ್ನು ಒಂದು ನಿಶ್ಚಿತವಾದ ಕಾರ್ಯದಲ್ಲಿ ತೊಡಗಿಸುವ ಉದ್ದೇಶದಿಂದ ಆಡಿದ ಮಾತಿಗೆ ಕನ್ನಡದಲ್ಲಿ 'ಕರೆ' ಎಂಬ ಹೆಸರು ಮೊದಲಿನಿಂದಲೂ ಉಂಟು. ಊರ ಬೀದಿಯಲ್ಲಿ ಸಾರುತ್ತಿದ್ದ ಡಂಗುರ, ಮನೆಮನೆಗೆ ಹಂಚುವ ಲಗ್ನಪತ್ರಿಕೆ, ಸಭೆಯ ಹಸ್ತಪತ್ರ ಇವೆಲ್ಲವೂ ಕರೆಗಳೇ. ಇಂದಿನ ವಾಣಿಜ್ಯಶಾಸ್ತ್ರವು ವೆಬ್ ಪುಟಗಳಲ್ಲಿಯೂ ವ್ಯಾಪಾರದ ಇ-ಮೇಲ್‌ಗಳಲ್ಲಿಯೂ ಬರುವ ಇಂತಹ ಮಾತನ್ನು 'ಕಾಲ್ ಟು ಆ್ಯಕ್ಷನ್' ಎಂದು ಕರೆಯುತ್ತದೆ. ಪ್ರಸ್ತುತ ಲೇಖನದಲ್ಲಿ ಅದನ್ನು 'ಕಾರ್ಯಾಹ್ವಾನ' ಎಂದು ವ್ಯವಹರಿಸಲಾಗಿದೆ.

ಇತಿಹಾಸದ ವಿದ್ಯಾರ್ಥಿಗೆ ಈ ವಿಷಯದಲ್ಲಿ ಏನು ಕೆಲಸ ಎಂಬ ಪ್ರಶ್ನೆ ಸಹಜವೇ. ಅದಕ್ಕೆ ಎರಡು ಸಮಾಧಾನಗಳಿವೆ. ವ್ಯಾಪಾರದ ಕೈಪಿಡಿಗಳು ಈ ವಿಷಯವನ್ನು ಬಟನ್ನಿನ ಬಣ್ಣ, ಆಕಾರಗಳ ಮಾತಾಗಿಯೇ ಬಹುಮಟ್ಟಿಗೆ ನೋಡುತ್ತವೆ. ಆದರೆ ಯಾವ ಕರೆಯು ಫಲಿಸಿತು, ಯಾವುದು ಏಕೆ ಸೊರಗಿತು ಎಂಬುದಕ್ಕೆ ನಮ್ಮ ಬೆಳಗಾವಿ, ಖಾನಾಪುರಗಳ ಇತಿಹಾಸದಲ್ಲಿಯೇ ಬಲವಾದ ನಿದರ್ಶನಗಳಿವೆ. ಎರಡನೆಯದಾಗಿ, ಇಂದು ಕಾರ್ಯಾಹ್ವಾನವನ್ನು ಬರೆಯುವವರು ವ್ಯಾಪಾರಿಗಳಷ್ಟೇ ಅಲ್ಲ. ಪ್ರವೇಶ, ವಿದ್ಯಾರ್ಥಿವೇತನ, ಪರೀಕ್ಷಾ ಶುಲ್ಕ, ವಿಚಾರಸಂಕಿರಣ ಇವುಗಳ ಪ್ರಕಟಣೆಯನ್ನು ಬರೆಯುವ ಪ್ರತಿಯೊಬ್ಬ ಅಧ್ಯಾಪಕನೂ ಅದನ್ನು ಬರೆಯುತ್ತಾನೆ. ಜಾಂಬೋಟಿ, ಕಣಕುಂಬಿಗಳ ಕಡೆಯ ಹಳ್ಳಿಯಲ್ಲಿ ಮಳೆಗಾಲದ ದುರ್ಬಲವಾದ ನೆಟ್‌ವರ್ಕಿನಲ್ಲಿ ಫೋನು ಹಿಡಿದ ವಿದ್ಯಾರ್ಥಿನಿಯೊಬ್ಬಳಿಗೆ ಪ್ರಕಟಣೆಯ ಮೂರನೆಯ ಪುಟದ ಕೊನೆಯಲ್ಲಿ ಅಡಗಿದ ಅಂತಿಮ ದಿನಾಂಕವು ಕಾಣದೆ ಹೋದರೆ, ನಷ್ಟವಾಗುವುದು ಒಂದು ಗಿರಾಕಿಯಲ್ಲ. ಅವಳ ಒಂದು ವರ್ಷದ ವಿದ್ಯಾಭ್ಯಾಸ. ಆದುದರಿಂದ ಈ ವಿಷಯವು ವಿಚಾರಾರ್ಹವಾಗಿದೆ.

ಹಲಸಿಯ ತಾಮ್ರಪಟಗಳು

ಖಾನಾಪುರ ತಾಲ್ಲೂಕಿನ ಹಲಸಿಯು ಕದಂಬರ ಕಾಲದ ಪಲಾಶಿಕಾ ನಗರವೆಂಬುದು ವಿದಿತವೇ ಇದೆ. ಅಲ್ಲಿ ದೊರೆತ ಸಂಸ್ಕೃತ ತಾಮ್ರಪಟಗಳಲ್ಲಿ ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಖೇಟಗ್ರಾಮದಲ್ಲಿ ಭೂಮಿಯನ್ನಿತ್ತ ದಾನಪತ್ರವು ಪ್ರಸಿದ್ಧವಾಗಿದೆ. ಇದೇ ಸಮೂಹದ ರವಿವರ್ಮನ ಕಾಲದ ಶಾಸನವೊಂದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಪಲಾಶಿಕೆಯಲ್ಲಿ ಪ್ರತಿ ವರ್ಷ ಕಾರ್ತಿಕ ಪೌರ್ಣಿಮೆಯಲ್ಲಿ ಎಂಟು ದಿನಗಳ ಜಿನೇಂದ್ರ ಮಹೋತ್ಸವವನ್ನು ನಡೆಸಬೇಕೆಂದೂ, ಅದರ ವೆಚ್ಚವು ದಾನವಿತ್ತ ಗ್ರಾಮದ ಉತ್ಪನ್ನದಿಂದ ಸಲ್ಲಬೇಕೆಂದೂ, ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ಸಂಘದ ತಪಸ್ವಿಗಳಿಗೆ ಗ್ರಾಸವು ದೊರೆಯಬೇಕೆಂದೂ ಅದು ವಿಧಿಸುತ್ತದೆ.

ಯಾರು, ಏನನ್ನು, ಎಲ್ಲಿ, ಯಾವಾಗ, ಯಾವ ದ್ರವ್ಯದಿಂದ ಎಂಬ ಐದು ಪ್ರಶ್ನೆಗಳಿಗೂ ಕೆಲವೇ ಪಂಕ್ತಿಗಳಲ್ಲಿ ಇಲ್ಲಿ ಉತ್ತರವಿದೆ. ದಾನಶಾಸನಗಳ ಕೊನೆಯಲ್ಲಿ ಬರುವ ಫಲಶ್ರುತಿ ಮತ್ತು ಶಾಪವಾಕ್ಯಗಳಲ್ಲಿ ದಾನವನ್ನು ರಕ್ಷಿಸಿದವರಿಗೆ ಪುಣ್ಯ, ಅಪಹರಿಸಿದವರಿಗೆ ಪಾಪ ಎಂಬ ಮಾತು ಮುಂದಿನ ಅರಸರನ್ನು ಉದ್ದೇಶಿಸಿದ್ದು. ಇನ್ನೂ ಹುಟ್ಟದಿರುವ ಓದುಗನಿಗೆ ಕಾರ್ಯವನ್ನೂ ಫಲವನ್ನೂ ತಿಳಿಸುವ ಕ್ರಮವಿದು. ಲೋಹದ ಹಾಳೆಯಲ್ಲಿ ಸ್ಥಳವು ಕಡಿಮೆ, ಕೆತ್ತುವ ಶ್ರಮವು ಹೆಚ್ಚು. ಆದುದರಿಂದ ಲೇಖಕನು ವಿಧಿವಾಕ್ಯವನ್ನು ಬಿಗಿಗೊಳಿಸಿದನು. ಇಂದಿನ ಫೋನಿನ ಪರದೆಯಲ್ಲಿಯೂ ಸ್ಥಳವು ಕಡಿಮೆಯೇ. ಆ ಬಿಗಿಯು ಮಾತ್ರ ನಮ್ಮ ಪ್ರಕಟಣೆಗಳಲ್ಲಿ ಅಪರೂಪ.

ಆದರೆ ಶಾಸನಕ್ಕೂ ಕರೆಗೂ ಒಂದು ಮುಖ್ಯವಾದ ಭೇದವುಂಟು. ಶಾಸನದ ಹಿಂದೆ ರಾಜನ ಅಧಿಕಾರವಿರುತ್ತದೆ. ಕರೆಯ ಹಿಂದೆ ಅಂತಹ ಅಧಿಕಾರವಿಲ್ಲ. ಕೇಳಿದವನು ತನ್ನ ಇಚ್ಛೆಯಿಂದಲೇ ಏಳಬೇಕು. ಇಂತಹ ಕರೆಯ ಸ್ವರೂಪವನ್ನು ಅರಿಯಲು ಇಪ್ಪತ್ತನೆಯ ಶತಮಾನಕ್ಕೆ ಬರಬೇಕಾಗುತ್ತದೆ.

ಬೆಳಗಾವಿಯ 2,000 ಗಜದ ಕರೆ

1921ರ ಮಾರ್ಚ್ ಕೊನೆಯಲ್ಲಿ ಬೆಜವಾಡದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಜೂನ್ 30ರೊಳಗೆ ತಿಲಕ್ ಸ್ವರಾಜ್ಯ ನಿಧಿಗೆ 1 ಕೋಟಿ ರೂಪಾಯಿ, ಕಾಂಗ್ರೆಸ್ಸಿಗೆ 1 ಕೋಟಿ ಸದಸ್ಯರು, ದೇಶದಲ್ಲಿ 20 ಲಕ್ಷ ಚರಕಗಳು ಎಂಬ ಕಾರ್ಯಕ್ರಮವನ್ನು ಮುಂದಿಟ್ಟಿತು. 'ಸ್ವರಾಜ್ಯಕ್ಕಾಗಿ ದುಡಿಯಿರಿ' ಎಂಬ ಸಾಮಾನ್ಯವಾದ ಮಾತಿಗೆ ಬದಲಾಗಿ ಸಂಖ್ಯೆ ಮತ್ತು ಗಡುವುಗಳು ಬಂದುದು ಇಲ್ಲಿಯ ವಿಶೇಷ. ನಿಧಿಯ ಗುರಿಯು ಕೈಗೂಡಿತು. ಹಣವನ್ನು ಕೊಡುವುದು ಒಂದು ಸಲದ ಕಾರ್ಯ. ಅದಕ್ಕೆ ಗಡುವಿನ ಕರೆಯು ಚೆನ್ನಾಗಿ ಒಪ್ಪುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ನಿದರ್ಶನವನ್ನು ನಮ್ಮ ನಗರವೇ ಒದಗಿಸಿದೆ. 1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ 39ನೆಯ ಅಧಿವೇಶನವು ನಡೆಯಿತು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವಿದು. ಗಂಗಾಧರರಾವ ದೇಶಪಾಂಡೆಯವರು ಸ್ವಾಗತದ ಭಾರವನ್ನೂ, ಡಾ. ನಾ. ಸು. ಹರ್ಡೀಕರರು ಸ್ವಯಂಸೇವಕದಳದ ವ್ಯವಸ್ಥೆಯನ್ನೂ ಹೊತ್ತಿದ್ದರು. ಇದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ಸೇರಿತು.

ಬೆಳಗಾವಿಯ ಅಧಿವೇಶನವು ಕಾಂಗ್ರೆಸ್ ಸದಸ್ಯತ್ವದ ನಿಯಮವನ್ನು ಬದಲಾಯಿಸಿತು. ಅಲ್ಲಿಯವರೆಗೆ ವರ್ಷಕ್ಕೆ ನಾಲ್ಕಾಣೆಯ ವಂತಿಗೆಯು ಸಾಕಾಗಿದ್ದಿತು. ಈಗ ಪ್ರತಿಯೊಬ್ಬ ಸದಸ್ಯನೂ ತಿಂಗಳಿಗೆ 2,000 ಗಜ ಸಮನಾಗಿ ನೂತ ನೂಲನ್ನು ಸಲ್ಲಿಸಬೇಕೆಂದು ಗೊತ್ತಾಯಿತು. ಕಾಯಿಲೆ, ಅನಿಚ್ಛೆ ಮೊದಲಾದ ಕಾರಣಗಳಿದ್ದಲ್ಲಿ ಬೇರೆಯವರು ನೂತ ಅಷ್ಟೇ ನೂಲನ್ನು ಒಪ್ಪಿಸಲು ಅವಕಾಶವಿದ್ದಿತು.

ಕರೆಯ ಲಕ್ಷಣದಿಂದ ನೋಡಿದರೆ ಇದು ಬಹಳ ಚೆನ್ನಾಗಿ ಕಟ್ಟಿದ ಮಾತು. ಕಾರ್ಯವು ಒಂದೇ, ಅದನ್ನು ಅಳೆಯಬಹುದು, ಅವಧಿಯು ಖಚಿತ, ಅಶಕ್ತರಿಗೆ ದಾರಿಯುಂಟು. 2,000 ಗಜವೆಂದರೆ ಸುಮಾರು 1,829 ಮೀಟರು. ದಿನಕ್ಕೆ ಹಂಚಿದರೆ ಸುಮಾರು 67 ಗಜ. ಹೀಗಿದ್ದೂ ಈ ನಿಯಮವು ಒಂದು ವರ್ಷವೂ ನಿಲ್ಲಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಅದನ್ನು ಸಡಿಲಿಸಿ, ವರ್ಷಕ್ಕೆ ನಾಲ್ಕಾಣೆಯನ್ನಾಗಲಿ ತಾನೇ ನೂತ 2,000 ಗಜ ನೂಲನ್ನಾಗಲಿ ಕೊಟ್ಟರೆ ಸಾಕೆಂದು ಮಾಡಿತು. ವರ್ಷಕ್ಕೆ 24,000 ಗಜವಿದ್ದ ನಿರೀಕ್ಷೆಯು ಹನ್ನೆರಡನೆಯ ಒಂದು ಪಾಲಿಗೆ ಇಳಿಯಿತು, ಅದೂ ಐಚ್ಛಿಕವಾಯಿತು.

ಕಾರಣಗಳಲ್ಲಿ ರಾಜಕೀಯವೂ ಸೇರಿದ್ದಿತು. ಸ್ವರಾಜ್ಯ ಪಕ್ಷದ ಅನೇಕರಿಗೆ ನೂಲುವ ನಿಯಮವು ಮೊದಲಿನಿಂದಲೂ ರುಚಿಸಿರಲಿಲ್ಲ. ಆದರೆ ನಮ್ಮ ವಿಷಯಕ್ಕೆ ಸಂಬಂಧಿಸಿದ ಪಾಠವು ಬೇರೆ. ಕರೆಯು ಎಷ್ಟೇ ಸ್ಪಷ್ಟವಾಗಿದ್ದರೂ, ಕೇಳಿದವನ ಸಿದ್ಧತೆಗೂ ಕೇಳಿದ ಕಾರ್ಯದ ಭಾರಕ್ಕೂ ಹೊಂದಿಕೆಯಿರಬೇಕು. ಹೊಸಬನಾದ ಸದಸ್ಯನಿಗೆ ಚರಕ ಬೇಕು, ಹಂಜಿ ಬೇಕು, ಕಲಿಸುವವರು ಬೇಕು, ನೂಲನ್ನು ತೂಗಿ ಕೊಳ್ಳುವವರು ಬೇಕು. ಈ ಸಾಧನಗಳನ್ನು ಒದಗಿಸುವ ಅಖಿಲ ಭಾರತ ಚರಕಾ ಸಂಘವು ಅದೇ ಪಾಟ್ನಾದಲ್ಲಿ, ನಿಯಮವು ಸಡಿಲಗೊಂಡ ವೇಳೆಗೆ, ಸ್ಥಾಪಿತವಾಯಿತು. ಕರೆಯು ಮೊದಲು ಬಂದು ಸಾಧನವು ಹಿಂದಿನಿಂದ ಬಂದಿತು. ಸಾಧನವು ನೆಲೆಗೊಂಡ ಕಡೆಗಳಲ್ಲಿ ನೂಲುವ ಕೆಲಸವು ಉಳಿಯಿತೆಂಬುದಕ್ಕೆ ಬೆಳಗಾವಿ ತಾಲ್ಲೂಕಿನ ಹುದಲಿಯೇ ಸಾಕ್ಷಿ. 1937ರಲ್ಲಿ ಗಾಂಧೀ ಸೇವಾ ಸಂಘದ ಅಧಿವೇಶನವು ನಡೆದ ಆ ಗ್ರಾಮವು ಇಂದಿಗೂ ಖಾದಿಗೆ ಹೆಸರಾಗಿದೆ.

ಇದರ ಪಕ್ಕದಲ್ಲಿ ದೂರದ ಒಂದು ನಿದರ್ಶನವನ್ನು ಇಟ್ಟು ನೋಡಬಹುದು. 2007ರ ಡಿಸೆಂಬರಿನಲ್ಲಿ ಅಮೆರಿಕದ ಬರಾಕ್ ಒಬಾಮಾ ಅವರ ಚುನಾವಣಾ ಪ್ರಚಾರದ ವೆಬ್ ಪುಟದಲ್ಲಿ ಸುಮಾರು 3,10,000 ಸಂದರ್ಶಕರ ಮೇಲೆ ಒಂದು ಪ್ರಯೋಗವನ್ನು ನಡೆಸಲಾಯಿತು. ಇ-ಮೇಲ್ ವಿಳಾಸವನ್ನು ನೋಂದಾಯಿಸಿಕೊಳ್ಳುವುದು ಆ ಪುಟದ ಉದ್ದೇಶ. ನಾಲ್ಕು ಬಗೆಯ ಬಟನ್ನುಗಳನ್ನೂ ಆರು ಬಗೆಯ ಚಿತ್ರ ಮತ್ತು ವಿಡಿಯೋಗಳನ್ನೂ ಜೋಡಿಸಿ 24 ರೂಪಗಳನ್ನು ಪರೀಕ್ಷಿಸಿದರು. 'ಹೆಸರು ನೋಂದಾಯಿಸಿ' ಎಂಬರ್ಥದ ಮೊದಲಿನ ಬಟನ್ನಿದ್ದ ಪುಟದಲ್ಲಿ ನೋಂದಣಿಯು ಶೇ. 8.26 ಇದ್ದರೆ, 'ಇನ್ನಷ್ಟು ತಿಳಿಯಿರಿ' ಎಂಬರ್ಥದ ಬಟನ್ ಮತ್ತು ಕುಟುಂಬದ ಚಿತ್ರವಿದ್ದ ಪುಟದಲ್ಲಿ ಶೇ. 11.6ಕ್ಕೆ ಏರಿತು. ಹೊಸದಾಗಿ ಬಂದವನು ಸದಸ್ಯನಾಗುವ ಮೊದಲು ತಿಳಿಯಲು ಬಯಸುತ್ತಾನೆ. ಅವನಿಗೆ ಮೊದಲ ಮೆಟ್ಟಿಲು ತಗ್ಗಾಗಿರಬೇಕು. 1925ರಲ್ಲಿ ಪಾಟ್ನಾದ ಸಮಿತಿಯು ಒಪ್ಪಿಕೊಂಡುದೂ ಬಹುಮಟ್ಟಿಗೆ ಇದನ್ನೇ.

1942: ವಿವರವಿಲ್ಲದ ಕರೆ

1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಗಾಂಧೀಜಿಯವರು ಕೊಟ್ಟ 'ಮಾಡು ಇಲ್ಲವೆ ಮಡಿ' ಎಂಬ ಕರೆಯಷ್ಟು ಸಂಕ್ಷಿಪ್ತವೂ ಪ್ರಬಲವೂ ಆದ ಮಾತು ನಮ್ಮ ಇತಿಹಾಸದಲ್ಲಿ ವಿರಳ. ಆದರೆ ಮರುದಿನ ಬೆಳಗಾಗುವಷ್ಟರಲ್ಲಿ ನಾಯಕರೆಲ್ಲರೂ ಬಂಧಿತರಾದರು. ಏನನ್ನು ಮಾಡಬೇಕೆಂಬುದು ಊರೂರಿನ ನಿರ್ಣಯಕ್ಕೆ ಉಳಿಯಿತು. ಬೆಳಗಾವಿ ಜಿಲ್ಲೆಯಲ್ಲಿ ತಂತಿ ಕಡಿಯುವ, ಟಪಾಲು ತಡೆಯುವ, ಚಾವಡಿಯ ದಫ್ತರಗಳನ್ನು ಸುಡುವ ಕಾರ್ಯಗಳು ನಡೆದವು. ಸ್ಫೂರ್ತಿಯ ದೃಷ್ಟಿಯಿಂದ ಆ ಕರೆಯು ಸಫಲವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾರ್ಯದ ರೂಪವನ್ನು ಕೇಳಿದವರೇ ಕಲ್ಪಿಸಿಕೊಳ್ಳಬೇಕಾಯಿತು. ಪ್ರಾಣವನ್ನೇ ಪಣವಾಗಿಟ್ಟ ಜನರಿಗೆ ಅಷ್ಟು ಸಾಕಾಯಿತು. ನಿತ್ಯದ ವ್ಯವಹಾರದಲ್ಲಿ ಓದುಗನು ಅಷ್ಟು ಕಲ್ಪಿಸಿಕೊಳ್ಳುವ ಶ್ರಮವನ್ನು ವಹಿಸುವುದಿಲ್ಲ. ಏನು ಮಾಡಬೇಕೆಂಬುದು ತಿಳಿಯದಿದ್ದರೆ ಅವನು ಸುಮ್ಮನೆ ಪುಟವನ್ನು ಮುಚ್ಚುತ್ತಾನೆ.

ವೆಬ್ ಪುಟದಲ್ಲಿ ಕಾರ್ಯಾಹ್ವಾನ

ಮೇಲ್ಕಂಡ ನಿದರ್ಶನಗಳಿಂದ ತಿಳಿದ ತತ್ತ್ವಗಳನ್ನು ಇಂದಿನ ವೆಬ್ ಪುಟಕ್ಕೆ ಅನ್ವಯಿಸಿ ನೋಡೋಣ. ಉದಾಹರಣೆಗಾಗಿ, ಕುಂಬಾರಿಕೆಗೆ ಹೆಸರಾದ ಖಾನಾಪುರದಲ್ಲಿ ಮಣ್ಣಿನ ಪಾತ್ರೆಗಳನ್ನು ಮಾರುವ ಒಂದು ಸಂಘವಿದೆಯೆಂದೂ, ಬೆಳಗಾವಿಯಲ್ಲಿ ಕುಂದಾ ಮಾರುವ ಒಂದು ಅಂಗಡಿಯಿದೆಯೆಂದೂ ಭಾವಿಸಿಕೊಳ್ಳೋಣ.

ಮೊದಲನೆಯದಾಗಿ, ಒಂದು ಪುಟಕ್ಕೆ ಪ್ರಧಾನವಾದ ಕಾರ್ಯವು ಒಂದೇ ಇರಬೇಕು. ಕುಂಬಾರ ಸಂಘದ ಪುಟದಲ್ಲಿ 'ಕೊಳ್ಳಿರಿ', 'ಸದಸ್ಯರಾಗಿರಿ', 'ಭೇಟಿ ಕೊಡಿರಿ', 'ದೇಣಿಗೆ ನೀಡಿರಿ' ಎಂಬ ನಾಲ್ಕು ಬಟನ್ನುಗಳು ಸಮಾನ ಗಾತ್ರದಲ್ಲಿ ನಿಂತರೆ ಓದುಗನು ಆಯ್ಕೆಯಲ್ಲಿಯೇ ಬಳಲುತ್ತಾನೆ. ಒಂದನ್ನು ಪ್ರಧಾನವಾಗಿಸಿ ಉಳಿದವನ್ನು ಸಾಮಾನ್ಯ ಲಿಂಕುಗಳಾಗಿ ಇಡುವುದು ಯುಕ್ತ.

ಎರಡನೆಯದಾಗಿ, ಬಟನ್ನಿನ ಮಾತು ಒತ್ತಿದರೆ ಆಗುವ ಕಾರ್ಯವನ್ನೇ ಹೇಳಬೇಕು. 'ಇಲ್ಲಿ ಒತ್ತಿ' ಎಂಬುದು ಸ್ಥಳವನ್ನು ತೋರಿಸುತ್ತದೆಯೇ ವಿನಾ ಕಾರ್ಯವನ್ನಲ್ಲ. 'ದೀಪಾವಳಿಯ ಕುಂದಾ ಕಾಯ್ದಿರಿಸಿ' ಎಂದರೆ ಸಂಶಯಕ್ಕೆ ಆಸ್ಪದವಿಲ್ಲ. ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ಬಳಸುವ ಅಂಧ ಓದುಗರು ಅನೇಕ ವೇಳೆ ಲಿಂಕುಗಳ ಪಟ್ಟಿಯನ್ನು ಮಾತ್ರ ಕೇಳುತ್ತಾರೆ. ಹತ್ತು ಸಲ 'ಇಲ್ಲಿ ಒತ್ತಿ' ಎಂದು ಕೇಳಿದವರಿಗೆ ಏನೂ ತಿಳಿಯದು.

ಮೂರನೆಯದಾಗಿ, ಬಟನ್ ಕಾಣುವಂತಿರಬೇಕು, ಬೆರಳಿಗೆ ಸಿಗುವಂತಿರಬೇಕು. 2023ರಲ್ಲಿ ಪ್ರಕಟವಾದ ವೆಬ್ ಸುಲಭಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯ 2.2ನೆಯ ಆವೃತ್ತಿಯು ಒತ್ತುವ ಸ್ಥಳವು ಸಾಮಾನ್ಯವಾಗಿ ಕನಿಷ್ಠ 24 ಪಿಕ್ಸೆಲ್ ಉದ್ದ, 24 ಪಿಕ್ಸೆಲ್ ಅಗಲ ಇರಬೇಕೆನ್ನುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ಅಂತರವನ್ನು ಬಯಸುತ್ತದೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗಾಗಿ ಅಳೆದ ಬಟನ್ನಿನಲ್ಲಿ ಅವು ಕತ್ತರಿಸಿಹೋಗುವುದುಂಟು. ಇದನ್ನು ಫೋನಿನಲ್ಲಿಯೇ ಪರೀಕ್ಷಿಸತಕ್ಕದ್ದು.

ನಾಲ್ಕನೆಯದಾಗಿ, ಬಟನ್ನಿನ ಹಿಂದೆ ಸಾಧನವಿರಬೇಕು. ಕರೆಯನ್ನು ಒಪ್ಪಿ ಒತ್ತಿದವನಿಗೆ ಹದಿನೆಂಟು ಅಂಕಣಗಳ ಫಾರ್ಮು ಎದುರಾದರೆ, ಚರಕವಿಲ್ಲದೆ ನೂಲು ಕೇಳಿದಂತಾಗುತ್ತದೆ. ಕಾರ್ಯವು ಮುಗಿದ ಮೇಲೆ 'ನಿಮ್ಮ ಅರ್ಜಿಯು ತಲಪಿದೆ' ಎಂಬ ಖಚಿತ ಉತ್ತರವು ಬರಬೇಕು.

ಇ-ಮೇಲ್‌ನಲ್ಲಿ ಕಾರ್ಯಾಹ್ವಾನ

ವೆಬ್ ಪುಟಕ್ಕೆ ಓದುಗನೇ ಬರುತ್ತಾನೆ. ಇ-ಮೇಲ್ ಓದುಗನ ಮನೆಗೆ ಹೋಗುತ್ತದೆ. ಅತಿಥಿಯ ಮರ್ಯಾದೆಯನ್ನು ಅದು ಪಾಲಿಸಬೇಕು. ವ್ಯಾಪಾರದ ಮೊದಲ ಸಾಮೂಹಿಕ ಸಂದೇಶವೆಂದು ಹೆಸರಾದುದು 1978ರ ಮೇ ತಿಂಗಳಲ್ಲಿ ಗ್ಯಾರಿ ಥೂರ್ಕ್ ಎಂಬವರು ಆರ್ಪಾನೆಟ್ಟಿನ ಸುಮಾರು 400 ಜನರಿಗೆ ಕಳುಹಿಸಿದುದು. ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಬನ್ನಿರೆಂಬುದು ಅದರ ಕರೆ. ಕೇಳದೆ ಬಂದ ಆ ಸಂದೇಶಕ್ಕೆ ಆಕ್ಷೇಪಣೆಗಳೂ ಆಗಲೇ ಬಂದವು. ಕೇಳಿದವರಿಗೆ ಮಾತ್ರ ಕಳುಹಿಸುವುದು, ಬೇಡವೆಂದವರನ್ನು ಬಿಡುವುದು ಎಂಬ ಎರಡು ನಿಯಮಗಳು ಅಂದಿನಿಂದ ಇಂದಿನವರೆಗೆ ಮುಖ್ಯವಾಗಿಯೇ ಉಳಿದಿವೆ. 2024ರ ಫೆಬ್ರವರಿಯಿಂದ ಜಿಮೇಲ್, ತನ್ನ ಬಳಕೆದಾರರಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಸಂದೇಶಗಳನ್ನು ಕಳುಹಿಸುವವರು ವ್ಯಾಪಾರದ ಸಂದೇಶಗಳಲ್ಲಿ ಒಂದೇ ಒತ್ತಿನಿಂದ ಪಟ್ಟಿಯಿಂದ ಹೊರಬರುವ ಅನುಕೂಲವನ್ನು ಒದಗಿಸಬೇಕೆಂದು ವಿಧಿಸಿದೆ.

ರಚನೆಯ ವಿಷಯದಲ್ಲಿ ಲಗ್ನಪತ್ರಿಕೆಯು ಒಳ್ಳೆಯ ಮಾದರಿ. ಯಾರ ಮನೆಯ ಕಾರ್ಯ, ಯಾವ ಮುಹೂರ್ತ, ಯಾವ ಸ್ಥಳ ಎಂಬುದು ಕಣ್ಣು ಹಾಯಿಸಿದೊಡನೆ ತಿಳಿಯುತ್ತದೆ. ಹಾಗೆಯೇ ಇ-ಮೇಲ್‌ನ ವಿಷಯಪಂಕ್ತಿಯಲ್ಲಿ ಕಾರ್ಯವೂ ದಿನಾಂಕವೂ ಇರಬೇಕು; ಕರೆಯು ಮೊದಲ ಕೆಲವು ಪಂಕ್ತಿಗಳಲ್ಲಿಯೇ ಬರಬೇಕು; ಉದ್ದವಾದ ಪತ್ರವಾದರೆ ಕೊನೆಯಲ್ಲಿ ಅದೇ ಕರೆಯು ಮತ್ತೊಮ್ಮೆ ಬರಬಹುದು. ಚಿತ್ರವಾಗಿ ಮಾಡಿದ ಬಟನ್ ಅನೇಕರ ಪರದೆಯಲ್ಲಿ ತೆರೆಯದಿರಬಹುದಾದುದರಿಂದ ಕರೆಯು ಅಕ್ಷರರೂಪದಲ್ಲಿಯೇ ಇರಬೇಕು.

ಫಲವನ್ನು ಅಳೆಯುವಲ್ಲಿಯೂ ಎಚ್ಚರವು ಅಗತ್ಯ. ಎಷ್ಟು ಜನರು ಪತ್ರವನ್ನು ತೆರೆದರೆಂಬ ಲೆಕ್ಕವು ಈಗ ನಂಬಲರ್ಹವಲ್ಲ. 2021ರಿಂದ ಆ್ಯಪಲ್ ಸಂಸ್ಥೆಯ ಮೇಲ್ ತಂತ್ರಾಂಶವು ಓದುಗನ ಗೋಪ್ಯತೆಗಾಗಿ ಚಿತ್ರಗಳನ್ನು ತಾನೇ ಮುಂದಾಗಿ ತರಿಸಿಕೊಳ್ಳುವುದರಿಂದ, ತೆರೆಯದ ಪತ್ರವೂ ತೆರೆದಂತೆ ಲೆಕ್ಕಕ್ಕೆ ಬರುತ್ತದೆ. ಆದುದರಿಂದ ಕಾರ್ಯವನ್ನು ಪೂರೈಸಿದವರ ಸಂಖ್ಯೆಯನ್ನೇ ಹಿಡಿಯಬೇಕು. ಎರಡು ಬಗೆಯ ಕರೆಗಳನ್ನು ನೂರು ನೂರು ಜನರಿಗೆ ಕಳುಹಿಸಿದಾಗ ಒಂದಕ್ಕೆ 10, ಇನ್ನೊಂದಕ್ಕೆ 14 ಉತ್ತರಗಳು ಬಂದುವೆನ್ನೋಣ. ಎರಡನೆಯದೇ ಮೇಲೆಂದು ತೀರ್ಮಾನಿಸುವುದು ಅವಸರವಾಗುತ್ತದೆ. ಅಷ್ಟು ಅಂತರವು ಕೇವಲ ಆಕಸ್ಮಿಕವಾಗಿಯೂ ಬರಬಲ್ಲುದು. ಒಂದೇ ಪ್ರತಿಯನ್ನು ನಂಬಿ ಶಾಸನದ ಪಾಠವನ್ನು ನಿರ್ಣಯಿಸದಿರುವಂತಹ ಸಂಯಮವು ಇಲ್ಲಿಯೂ ಬೇಕು.

ಭಾಷೆಯ ಪ್ರಶ್ನೆ

ಇಂಗ್ಲಿಷಿನಲ್ಲಿ ಕ್ರಿಯಾಪದವು ಮೊದಲು ಬರುತ್ತದೆ, ಕನ್ನಡದಲ್ಲಿ ಕೊನೆಗೆ. 'ಎರಡನೆಯ ಸೆಮಿಸ್ಟರಿನ ಪರೀಕ್ಷಾ ಶುಲ್ಕವನ್ನು ಆನ್‌ಲೈನ್ ಮೂಲಕ ಪಾವತಿಸಿ' ಎಂಬ ವಾಕ್ಯವು ಸಣ್ಣ ಪರದೆಯಲ್ಲಿ ತುಂಡಾದರೆ ಉಳಿಯದೆ ಹೋಗುವುದು ಕ್ರಿಯಾಪದವೇ. ಆದುದರಿಂದ ಕನ್ನಡದ ಕಾರ್ಯಾಹ್ವಾನವು ಎರಡು ಮೂರು ಪದಗಳನ್ನು ಮೀರಬಾರದು: 'ಶುಲ್ಕ ಪಾವತಿಸಿ', 'ಅರ್ಜಿ ತುಂಬಿರಿ'.

ಕ್ರಿಯಾಪದದ ರೂಪವೂ ಗಮನಾರ್ಹ. 'ಸಲ್ಲಿಸು' ಎಂಬ ಏಕವಚನವು ಯಂತ್ರದಿಂದ ಮಾಡಿದ ಭಾಷಾಂತರಗಳಲ್ಲಿ ಸಾಮಾನ್ಯವಾಗಿ ಕಾಣಸಿಗುತ್ತದೆ. ಅಪರಿಚಿತರಾದ ಹಿರಿಯರನ್ನು ಹೀಗೆ ಕರೆಯುವುದು ನಮ್ಮ ಕಡೆ ಉದ್ಧಟತನವೆನಿಸುತ್ತದೆ. 'ಸಲ್ಲಿಸತಕ್ಕದ್ದು' ಎಂಬುದು ಕಚೇರಿಯ ಆಜ್ಞೆ; ಅದರಲ್ಲಿ ಕರೆಯಿಲ್ಲ. ಮಾತಿನಲ್ಲಿ 'ಬರ್ರಿ', 'ಕೊಡ್ರಿ' ಎನ್ನುವ ಬೆಳಗಾವಿಯ ಜನರಿಗೆ 'ಸಲ್ಲಿಸಿರಿ' ಎಂಬ ರೂಪವು ಗೌರವವನ್ನೂ ಸಲಿಗೆಯನ್ನೂ ಒಟ್ಟಿಗೆ ಒಯ್ಯುತ್ತದೆ.

ಖಾನಾಪುರ ತಾಲ್ಲೂಕಿನಲ್ಲಿ ಕನ್ನಡದೊಡನೆ ಮರಾಠಿ, ಕೊಂಕಣಿಗಳೂ ಮನೆಮಾತುಗಳಾಗಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ವ್ಯಕ್ತಿಯ ಸಮ್ಮತಿಯನ್ನು ಕೇಳುವ ಸೂಚನೆಯು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ದೊರೆಯುವ ಆಯ್ಕೆಯಿರಬೇಕೆನ್ನುತ್ತದೆ. ಈ ಮೂರು ಭಾಷೆಗಳೂ ಆ ಅನುಸೂಚಿಯಲ್ಲಿವೆ. ತಿಳಿಯದ ಭಾಷೆಯ ಬಟನ್ನನ್ನು ಒತ್ತಿದವನು ಸಮ್ಮತಿಸಿದನೆಂದು ಹೇಳುವುದು ನ್ಯಾಯವಲ್ಲ.

ಕರೆಯ ಮರ್ಯಾದೆ

ಕರೆಯು ಫಲಿಸಬೇಕೆಂಬ ಆತುರದಲ್ಲಿ ಅದು ವಂಚನೆಗೆ ಜಾರುವುದೂ ಉಂಟು. ದಾಸ್ತಾನು ಹೇರಳವಾಗಿರುವಾಗ 'ಎರಡೇ ಉಳಿದಿವೆ' ಎನ್ನುವುದು, ಬೇಡವೆನ್ನುವವನಿಗೆ ನಾಚಿಕೆಯಾಗುವಂತೆ ನಿರಾಕರಣೆಯ ಬಟನ್ನನ್ನು ಬರೆಯುವುದು, ಸೇರುವ ಬಾಗಿಲನ್ನು ಅಗಲಿಸಿ ಹೊರಬರುವ ಬಾಗಿಲನ್ನು ಮರೆಮಾಡುವುದು ಇಂತಹವು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಯು ಇಂತಹ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಸುಳ್ಳು ಅವಸರವೂ ಚಂದಾದಾರಿಕೆಯ ಬಲೆಯೂ ಅವುಗಳಲ್ಲಿ ಸೇರಿವೆ.

ಗಡುವು ನಿಜವಾಗಿದ್ದರೆ ಅದನ್ನು ಸ್ಪಷ್ಟವಾಗಿ ಹೇಳುವುದು ಉಪಕಾರ. ಇಲ್ಲದ ಗಡುವನ್ನು ಹುಟ್ಟಿಸುವುದು ಅಪಚಾರ. ಪ್ರತಿ ವಾರವೂ 'ಇದೇ ಕೊನೆಯ ಅವಕಾಶ' ಎಂದು ಕೇಳಿದ ಜನರು ನಿಜವಾದ ಕೊನೆಯ ದಿನದ ಸೂಚನೆಯನ್ನೂ ನಂಬುವುದನ್ನು ಬಿಡುತ್ತಾರೆ. ಅದರ ಫಲವನ್ನು ಅನುಭವಿಸುವವರು ಸುಳ್ಳು ಹೇಳಿದ ವ್ಯಾಪಾರಿಗಳಲ್ಲ, ಪ್ರಾಮಾಣಿಕವಾಗಿ ಪ್ರಕಟಣೆ ಹೊರಡಿಸಿದ ಕಾಲೇಜುಗಳು ಮತ್ತು ಆ ವಿದ್ಯಾರ್ಥಿಗಳು.

ಉಪಸಂಹಾರ

ಈವರೆಗಿನ ವಿವೇಚನೆಯಿಂದ ಕೆಲವು ನಿರ್ಣಯಗಳು ಹೊರಡುತ್ತವೆ. ಹಲಸಿಯ ಶಾಸನವು ವಿಧಿಯ ಪೂರ್ಣತೆಯನ್ನು ಕಲಿಸುತ್ತದೆ. 1921ರ ಕಾರ್ಯಕ್ರಮವು ಸಂಖ್ಯೆ ಮತ್ತು ಗಡುವುಗಳ ಬಲವನ್ನೂ, ಬೆಳಗಾವಿಯ ನೂಲಿನ ನಿಯಮವು ಕಾರ್ಯದ ಭಾರಕ್ಕೂ ಜನರ ಸಿದ್ಧತೆಗೂ ಇರಬೇಕಾದ ಹೊಂದಿಕೆಯನ್ನೂ, 1942ರ ಕರೆಯು ಸ್ಫೂರ್ತಿಯೊಡನೆ ವಿವರವೂ ಬೇಕೆಂಬುದನ್ನೂ ತೋರಿಸುತ್ತವೆ. ವೆಬ್ ಪುಟ ಮತ್ತು ಇ-ಮೇಲ್‌ಗಳು ಸಾಧನದಲ್ಲಿ ಹೊಸವಾದರೂ ಈ ತತ್ತ್ವಗಳಿಗೆ ಹೊರತಲ್ಲ.

ಅಧ್ಯಾಪಕರು ತಮ್ಮ ವಿಭಾಗದ ಮುಂದಿನ ಪ್ರಕಟಣೆಯನ್ನು ಹೊರಡಿಸುವ ಮೊದಲು ಅದನ್ನು ಫೋನಿನಲ್ಲಿ ತೆರೆದು, ಪ್ರಥಮ ವರ್ಷದ ವಿದ್ಯಾರ್ಥಿಯೊಬ್ಬನ ಕೈಗಿತ್ತು, ಅವನು ಮಾಡಬೇಕಾದುದೇನು, ಯಾವ ದಿನದೊಳಗೆ ಎಂದು ಕೇಳಿ ನೋಡುವುದು ಒಳಿತು. ಅವನು ತಡವರಿಸದೆ ಹೇಳಿದರೆ ಪ್ರಕಟಣೆಯು ಹೊರಡಲಿ. ತಡವರಿಸಿದರೆ ತಿದ್ದಬೇಕಾದುದು ವಿದ್ಯಾರ್ಥಿಯನ್ನಲ್ಲ, ಪ್ರಕಟಣೆಯನ್ನು.